ಇಳಿತದ ಮೈದಾನ

ಪಟ್ಟಿ ಬಂತು ಸೋಮವಾರ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಯಲ್ಲಿ,
ಲಕೋಟೆಯ ಮೂಲೆಗೆ ಅವನ ಕವಳದ ಕೆಂಪು.
ಹದಿನಾಲ್ಕು ಕಾಲೇಜು. ಮೊದಲ ಒಂಬತ್ತು ಘಟ್ಟದ ಮೇಲಿನವು.
ನಾವು ಹದಿಮೂರು.
ಹದಿನಾಲ್ಕನೆಯವರು ಈ ವರ್ಷ ತಂಡವನ್ನೇ ಕಟ್ಟಿಲ್ಲವಂತೆ.

ಹೋದ ವರ್ಷ ಇದೇ ಹುಡುಗರು ಸೆಮಿಫೈನಲ್ಲಿಗೆ ಹೋಗಿದ್ದರು.
ಐದನೆಯ ಪೆನಾಲ್ಟಿ. ಇನಾಸ ಒದ್ದ ಚೆಂಡು
ಕಬ್ಬಿಣದ ಕಂಬಕ್ಕೆ ಬಡಿದು, ಇಗರ್ಜಿಯ ಗಂಟೆಯ ಹಾಗೆ
ಠಣ್ಣೆಂದು, ಹೊರಗೆ ಹೋಯಿತು.
ಆ ಸದ್ದನ್ನು ಬರೆಯಲು ಪಟ್ಟಿಯಲ್ಲಿ ಕಾಲಮ್ಮಿಲ್ಲ.

"ಅವರು ನಮ್ಮ ಆಟ ನೋಡಿದ್ದಾರಾ ಸರ್?"
ನೋಡಬೇಕೆಂದರೆ ಅರಬೈಲಿನ ತಿರುವುಗಳಲ್ಲಿ
ನಿಂಬೆಹಣ್ಣು ಮೂಸುತ್ತ ಇಳಿಯಬೇಕು.
ಪ್ರತಿ ವರ್ಷ ಹತ್ತುವವರು ನಾವೇ,
ಬೂಟಿನ ಚೀಲ ತೊಡೆಯ ಮೇಲಿಟ್ಟುಕೊಂಡು.

ಸಮಿತಿಯಲ್ಲಿ ಏಳು ಕುರ್ಚಿ, ಐದು ಒಂದೇ ಪೇಟೆಯವು.
ಕೆಟ್ಟವರೇನಲ್ಲ. ಹೋದರೆ ಪೇಢೆ ಕೊಟ್ಟು ಕೂರಿಸುತ್ತಾರೆ.
"ನಿಮ್ಮ ಹುಡುಗ್ರು ಚುರುಕು ಬಿಡ್ರಿ ಸರ್, ಮೀನಾ ತಿಂತಾರ.
ಆದ್ರ ಸೆಕೆಂಡ್ ಹಾಫಿಗೆ ದಮ್ಮ ಇರಂಗಿಲ್ಲ."
ಹೇಳಿದವರು ಫಸ್ಟ್ ಹಾಫೂ ನೋಡಿರಲಿಲ್ಲ.

ದಮ್ಮು!
ನಮ್ಮ ಮೈದಾನಕ್ಕೆ ಸುಣ್ಣದ ಗೆರೆಯಿಲ್ಲ. ಕೋಡಿಬಾಗದ ಕೆಳಗೆ,
ಕಾಳಿ ಕಡಲಿಗೆ ಸೇರುವಲ್ಲಿ, ಪಂಚಾಂಗ ನೋಡಿ ಆಡುತ್ತೇವೆ:
ಅಮಾಸೆಯ ಇಳಿತಕ್ಕೆ ನೂರು ಹೆಜ್ಜೆ ಅಗಲ,
ಅಷ್ಟಮಿಗೆ ಅರ್ಧ.
ಗೋಲಿಗೆ ಹರಿದ ರಂಪಣಿ ಬಲೆ,
ಮೂಲೆಗೆ ಬೆಂಡು ಸಿಕ್ಕಿಸಿದ ಕೋಲು.
ದತ್ತಾ ತಾಂಡೇಲ ಬೈತಖೋಲದಲ್ಲಿ ನಸುಕಿನಿಂದ ಐಸು ಒಡೆದು ಬಂದು
ಗೋಲಿನಲ್ಲಿ ನಿಲ್ಲುತ್ತಾನೆ. ಅಂಗೈ ಇನ್ನೂ ಮರಗಟ್ಟಿರುತ್ತದೆ.
"ಒಳ್ಳೇದೇ ಆಯ್ತು ಸರ್, ಚೆಂಡು ಬಡಿದಿದ್ದು ಗೊತ್ತಾಗೂದಿಲ್ಲ."
ಒದ್ದೆ ಮರಳು ಪಾದ ಹಿಡಿದೆಳೆಯುವಾಗ ತೊಂಬತ್ತು ನಿಮಿಷ ಓಡಿದವರಿಗೆ
ಹುಲ್ಲಿನ ಮೇಲೆ ಸುಸ್ತಾಗುವುದು ಹೇಗೆಂದೇ ತಿಳಿಯದು.

ರಾತ್ರಿ ಅರ್ಜಿಗೆ ಕೂತೆ.
"ಮಾನ್ಯರೇ, ಒಂದು ಊರನ್ನು ಕಣ್ಣಾರೆ ಕಾಣದೆ ತಾವು..."
ಎಂಬಲ್ಲಿಗೆ ಬಂದು, ಹಳೆಯ ಅಂಕಿಗಳಿಗಾಗಿ ಫೈಲು ಬಿಚ್ಚಿದರೆ
ತುಕ್ಕು ಹಿಡಿದ ಟಾಚಣಿ ಚುಚ್ಚಿಕೊಂಡು ಕೂತಿತ್ತು ಇನ್ನೊಂದು ಪಟ್ಟಿ.
ಜಿಲ್ಲೆಯ ಆರು ಕಾಲೇಜು. ಕೈಬರಹ ನನ್ನದು.
ಮೊದಲಿಗೆ ಕಾರವಾರ. ಎರಡು, ಮೂರು, ಕರಾವಳಿಯವೇ.
ಆರು: ಹಳಿಯಾಳ.
ಷರಾ: "ಮೈಬಲ ಇದೆ. ಆಟದ ತಿಳಿವಳಿಕೆ ಸಾಲದು."

ಹಳಿಯಾಳ ನಾನು ನೋಡಿಲ್ಲ.
ಅಂಕೋಲೆಯ ಹೋಟೆಲಿನಲ್ಲಿ ಯಾರೋ ಅಂದದ್ದು,
ಬನ್ಸಿನ ಜೊತೆ ನುಂಗಿದ್ದೆ.
ಅವರ ನಾಯಕನ ಹೆಸರು ಬಸ್ತ್ಯಾಂವ ಸಿದ್ದಿ.
ಎರಡು ಕಡೆ ಎರಡು ಥರ ತಪ್ಪಾಗಿ ಬರೆದಿದ್ದೇನೆ.
ಅವನೂ ಆವತ್ತು ತನ್ನ ಮಾಸ್ತರನ್ನು ಕೇಳಿರಬೇಕು,
"ಘಟ್ಟದ ಕೆಳಗಿನವರು ನಮ್ಮ ಆಟ ನೋಡಿದ್ದಾರಾ ಸರ್?"

ಅರ್ಜಿ ಮುಗಿಸಿದೆ. ಸಹಿಯನ್ನೂ ಹಾಕಿದೆ,
ನಮಗಾದ ಅನ್ಯಾಯ ಇದರಿಂದ ಕಡಿಮೆಯೇನೂ ಆಗಿರಲಿಲ್ಲ.
ಆದರೆ ಲಕೋಟೆಗೆ ಅಂಟು ಹಚ್ಚುವಾಗ
ನಾಲಿಗೆ ಒಣಗಿತ್ತು.

ಬೆಳಿಗ್ಗೆ ಇಳಿತ. ಹುಡುಗರು ಆಗಲೇ ಸುರು ಮಾಡಿದ್ದರು.
"ಅರ್ಜಿ ಹೋಯ್ತಾ ಸರ್?"
"ಹಳಿಯಾಳಕ್ಕೆ ಮೊದಲ ಬಸ್ಸು ಎಷ್ಟಕ್ಕೋ?"
ಇನಾಸ ಕೊಂಕಣಿಯಲ್ಲಿ ಏನೋ ಗೊಣಗಿದ.
ನನಗೆ ಕೊಂಕಣಿ ಬರುತ್ತದೆ. ಬಾರದವನ ಹಾಗೆ ನಿಂತೆ.

ಅಷ್ಟಮಿಯ ನೀರು. ಬೇಗ ತಿರುಗಿತು.
ದತ್ತಾ ಹಿಮ್ಮಡಿಯಲ್ಲಿ ಎಳೆದಿದ್ದ ಅಂಚಿನ ಗೆರೆ ನೆಕ್ಕಿಕೊಂಡು ಹೋಯಿತು.
ಅವನು ಎರಡು ಹೆಜ್ಜೆ ಮೇಲೆ ಬಂದು
ಇನ್ನೊಂದು ಎಳೆದ.